ಇಂಗ್ಲೆಂಡಿನ ಬಿಳಿ ವೈನ್: ಮೂಗಿಗೆ ಹೂವು, ನಾಲಿಗೆಗೆ ಹುಳಿ. ಕೆಟ್ಟುಹೋಗಿದೆಯಾ?

ಮೈಸೂರು_ಟು_ರೆಡಿಂಗ್

ಎಲ್ಲರಿಗೂ ನಮಸ್ಕಾರ. ವೈನ್ ವಿಷಯದಲ್ಲಿ ನಾನು ಸೊನ್ನೆ ಅಂತ ಮೊದಲೇ ಹೇಳಿಬಿಡ್ತೀನಿ. ಮದುವೆಗೆ ಮುಂಚೆ ಕುಡಿದಿದ್ದು ಅಂದ್ರೆ ಮೈಸೂರಲ್ಲಿ ಕ್ರಿಸ್‌ಮಸ್‌ಗೆ ಪಕ್ಕದ ಮನೆ ಆಂಟಿ ಚಿಕ್ಕ ಸ್ಟೀಲ್ ಲೋಟದಲ್ಲಿ ಕೊಡ್ತಿದ್ದ ಕಪ್ಪು ದ್ರಾಕ್ಷಿ ವೈನು. ಚಕ್ಕೆ ಲವಂಗ ಹಾಕಿ, ಪಾಯಸಕ್ಕಿಂತ ಸಿಹಿ ಇರ್ತಿತ್ತು. ನನ್ನ ತಲೆಯಲ್ಲಿ ವೈನ್ ಅಂದ್ರೆ ಅದೇ.

ರೆಡಿಂಗ್‌ಗೆ ಬಂದು ನಾಲ್ಕು ವರ್ಷ ಆಯ್ತು. ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಅವರ ಕಸದ ಡಬ್ಬ ರಸ್ತೆಗೆ ಎಳೆದಿಡೋದು ನಮ್ಮ ಯಜಮಾನರ ವಾರದ ಡ್ಯೂಟಿ. ಹೋದ ವಾರ ಅಜ್ಜಿ ಮಗಳ ಜೊತೆ ಸರ್ರೆಯಲ್ಲಿ ಯಾವುದೋ ದ್ರಾಕ್ಷಿತೋಟ ನೋಡೋಕೆ ಹೋಗಿದ್ರಂತೆ. ಬರುವಾಗ ನಮಗೆ ಅಂತ ಎರಡು ಬಾಟಲಿ ತಂದುಕೊಟ್ರು. "ಇದು ಇಂಗ್ಲೆಂಡಿನದೇ, ಫ್ರಾನ್ಸಿನದಲ್ಲ" ಅಂತ ಎರಡು ಸಲ ಒತ್ತಿ ಹೇಳಿದ್ರು. ನಮ್ಮೂರಿನವರು ರಸಬಾಳೆ ಹಣ್ಣು ಕೊಡುವಾಗ ಹೇಳ್ತಾರಲ್ಲ, ಅದೇ ಧಾಟಿ.

ಲೇಬಲ್ ಮೇಲೆ ನಾಲ್ಕು ದ್ರಾಕ್ಷಿಯ ಹೆಸರಿವೆ: ಬ್ಯಾಕಸ್, ಆರ್ಟೆಗಾ, ರೈಕನ್‌ಸ್ಟೈನರ್, ಶೋನ್‌ಬರ್ಗರ್. ಆಲ್ಕೋಹಾಲ್ 11%. ಹಿಂದುಗಡೆ ಎಲ್ಡರ್‌ಫ್ಲವರ್, ಗೂಸ್‌ಬೆರಿ, ಲಿಚಿ, ಗುಲಾಬಿ ಅಂತ ಬರೆದಿದೆ. ಅದನ್ನು ಓದಿ ನಮ್ಮವರು, "ಗೂಸ್‌ಬೆರಿ ಅಂದ್ರೆ ನೆಲ್ಲಿಕಾಯಿ. ವೈನಿಗೆ ನೆಲ್ಲಿಕಾಯಿ ಯಾಕೆ ಹಾಕ್ತಾರೆ, ಇದೇನು ಚ್ಯವನಪ್ರಾಶವಾ?" ಅಂದ್ರು.

ಭಾನುವಾರ ಒಂದು ಬಾಟಲಿ ಫ್ರಿಜ್ಜಿಂದ ತೆಗೆದೆ. ವಾಸನೆ ಎಷ್ಟು ಚೆನ್ನಾಗಿತ್ತು ಅಂದ್ರೆ, ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಲ್ಲಿ ನಿಂತ ಹಾಗೆ ಆಯ್ತು. ಸಿಹಿ ಇರುತ್ತೆ ಅಂದ್ಕೊಂಡು ದೊಡ್ಡ ಗುಟುಕು ತಗೊಂಡ್ರೆ ಮಾವಿನಕಾಯಿ ಕಚ್ಚಿದ ಹಾಗೆ ಕಣ್ಣು ಮುಚ್ಚಿಹೋಯ್ತು! ಒಂದು ಚೂರೂ ಸಿಹಿ ಇಲ್ಲ. ಜೊತೆಗೆ ಬಾಟಲಿ ತಳದಲ್ಲಿ ಗಾಜಿನ ಪುಡಿ ಥರ ಏನೋ ಹೊಳೀತಿದೆ. ನಮ್ಮವರು ಕೆಟ್ಟುಹೋಗಿದೆ, ಸಿಂಕಿಗೆ ಹಾಕು ಅಂತಿದ್ದಾರೆ.

ನನ್ನ ಕಷ್ಟ ಏನಂದ್ರೆ, ಬರೋ ಶನಿವಾರ ಅದೇ ಅಜ್ಜಿಯನ್ನು ಊಟಕ್ಕೆ ಕರೆದಿದ್ದೀನಿ. ಎರಡನೇ ಬಾಟಲಿ ಮೇಜಿನ ಮೇಲೆ ಇಡಲೇಬೇಕು. ಅದರಲ್ಲೂ ಈ ಪುಡಿ ಕಾಣ್ತಿದೆ. ಇದು ಕೆಟ್ಟಿದೆಯಾ? ವಾಸನೆ ಒಂದು ರುಚಿ ಒಂದು ಯಾಕಿದೆ? ನಾಲ್ಕು ದ್ರಾಕ್ಷಿ ಯಾಕೆ ಬೆರೆಸ್ತಾರೆ, ಉಳಿದಿದ್ದೆಲ್ಲ ಸೇರಿಸಿ ಮಾಡಿದ್ದಾ? ಗೊತ್ತಿರೋರು ಹೇಳಿ ಪ್ಲೀಸ್.

ಸೋಮಾರಿ_ಸೋಮ

ಸಿಂಕಿಗೆ ಹಾಕಬೇಡಿ ಮೇಡಂ. ಹುಣಸೆಹಣ್ಣು ಮುಗಿದ ದಿನ ಸಾರಿಗೆ ಹಾಕಿ. ಗುಲಾಬಿ ಘಮ ಬೇರೆ ಫ್ರೀ.

ಪಡದ_ಹುಡುಗ

ಅಕ್ಕಾರ, ಸಿಂಕಿಗೂ ಬ್ಯಾಡ, ಸಾರಿಗೂ ಬ್ಯಾಡ. ಬಾಟಲಿಗೆ ಏನೂ ಆಗಿಲ್ಲ.

ನಾ ವಿಜಯಪುರ ಜಿಲ್ಲಾ ತಿಕೋಟಾ ಕಡಿಯಾಂವ. ಅಪ್ಪಂದು ನಾಕು ಎಕರೆ ದ್ರಾಕ್ಷಿ ಪಡ ಐತಿ, ಎಲ್ಲಾ ಥಾಮ್ಸನ್ ಸೀಡ್‌ಲೆಸ್, ಎಲ್ಲಾ ಮನೂಕಕ್ಕ, ಅಂದ್ರ ಒಣದ್ರಾಕ್ಷಿಗೆ. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು ಅಂತ 2019ರಾಗ ಕೆಂಟ್‌ಗೆ ಬಂದ್ವಿ. ನನಗ ಗೊತ್ತಿದ್ದದ್ದು ದ್ರಾಕ್ಷಿ ಒಂದ. ಮನಿಯಿಂದ ಸೈಕಲ್ ಮ್ಯಾಲ ಹೋಗೂ ಅಂತರದಾಗ ಒಂದು ವೈನ್ ತೋಟ ಇತ್ತು, ಕೇಳಿದೆ, ತಗೊಂಡ್ರು. ಅಂದಿಂದ ಅಲ್ಲೇ ಅದೀನಿ. ನಿಮ್ಮ ಲೇಬಲ್ ಮ್ಯಾಲಿನ ನಾಕೂ ತಳಿ ನಮ್ಮ ತೋಟದಾಗೂ ಅದಾವ. ಹಿಂಗಾಗಿ ಉದ್ದ ಬರೀತೀನಿ, ಬ್ಯಾಸರಾದ್ರ ಮಾಫ್ ಮಾಡ್ರಿ.

ಮೊದಲ ಹರಳಿನ ಮಾತು. ಅದು ಗಾಜಲ್ಲ. ದ್ರಾಕ್ಷ್ಯಾಗ ಟಾರ್ಟಾರಿಕ್ ಅನ್ನೂ ಹುಳಿ ಇರತೈತಿ, ಪೊಟ್ಯಾಶಿಯಂನೂ ಇರತೈತಿ. ಥಂಡಿ ಹತ್ತಿದ್ರ ಎರಡೂ ಕೂಡಿ ಹರಳಗಟ್ಟಿ ತಳಕ್ಕ ಕೂಡ್ತಾವು. ನಿಮ್ಮ ಅಡಗಿ ಮನ್ಯಾಗ ಕೇಕ್ ಮಾಡೂ ಸಾಮಾನಿನಾಗ ಕ್ರೀಮ್ ಆಫ್ ಟಾರ್ಟರ್ ಡಬ್ಬಿ ಇದ್ರ ತಗದ ನೋಡ್ರಿ, ಅದೂ ಇದೂ ಒಂದ. ದೊಡ್ಡ ಕಂಪನಿಯವರು ಬಾಟಲಿ ತುಂಬೂ ಮೊದಲ ವೈನನ್ನ ಸೊನ್ನೆ ಡಿಗ್ರಿಗಿಂತ ಕೆಳಗ ಇಳಿಸಿ, ಹರಳೆಲ್ಲಾ ಟ್ಯಾಂಕಿನಾಗ ಉದುರೂವಂಗ ಮಾಡ್ತಾರ. ಸಣ್ಣ ತೋಟದವರು ಕೆಲವರು ಕರೆಂಟ್ ಬಿಲ್ ನೋಡಿ ಕೈ ಬಿಡ್ತಾರ. ಅವರು ಬಿಟ್ಟ ಕೆಲಸ ನಿಮ್ಮ ಫ್ರಿಜ್ಜು ಮುಗಿಸೇತಿ, ಅಷ್ಟ. ಶನಿವಾರ ಬಾಟಲಿ ಅಲುಗಾಡಿಸದಂಗ ಬಗ್ಗಿಸ್ರಿ, ಕೊನೀ ಎರಡು ಚಮಚ ಬಾಟಲ್ಯಾಗ ಬಿಡ್ರಿ. ಹೊಟ್ಟಿಗೆ ಹೋದ್ರೂ ಏನೂ ಆಗೂದಿಲ್ಲ.

ಇನ್ನ ಹುಳಿ. ಇದನ್ನ ನಮ್ಮ ಪಡದಿಂದ ಹೇಳಬೇಕು. ವಿಜಯಪುರ ಭೂಮಧ್ಯರೇಖೆಯಿಂದ ಹತ್ತತ್ರ 17 ಡಿಗ್ರಿ ಉತ್ತರಕ್ಕ ಐತಿ, ಕೆಂಟ್ 51. ನಮ್ಮ ಕಡೆ ಬಳ್ಳಿ ಮಲಗೂದ ಇಲ್ಲ. ಅದಕ್ಕ ವರ್ಷಕ್ಕ ಎರಡ ಸಲ ಚಾಟ್ನಿ ಮಾಡ್ತೀವಿ, ಅಂದ್ರ ಬಳ್ಳಿ ಕತ್ತರಸ್ತೀವಿ, ಏಪ್ರಿಲ್‌ದಾಗ ಹಣ್ಣು ಬಿಡೂ ಕಾಡಿ (ಕಡ್ಡಿ) ತಯಾರಾಗಾಕ, ಅಕ್ಟೋಬರ್‌ದಾಗ ಹಣ್ಣಿಗೆ. ಫೆಬ್ರವರಿ-ಮಾರ್ಚ್‌ದಾಗ ಮನೂಕ ಶೆಡ್ಡಿಗೆ ಹೋಗೂ ಹೊತ್ತಿಗೆ ಹಣ್ಣಿನ ಸಕ್ಕರಿ ಅಳಿಯೂ ಬ್ರಿಕ್ಸ್ ಮೀಟರ್ 22 ದಾಟಿರಬೇಕು. ಇಲ್ಲಿ ಬಳ್ಳಿ ಚಳಿಗಾಲ ಪೂರ್ತಿ ಸತ್ತಂಗ ಮಲಗತೈತಿ. ಏಪ್ರಿಲ್ ಕಡೀಕ ಕಣ್ಣು ಒಡೀತಾವು. ಜೂನ್ ಕೊನೀಗಿ ಇಲ್ಲಾ ಜುಲೈ ಮೊದಲಿಗೆ ಹೂವು. ಅಲ್ಲಿಂದ ಸುಮಾರು ನೂರು ದಿನ ಎಣಿಸಿ ಕೊಯ್ಲು. ಬ್ರಿಕ್ಸ್ 18 ತೋರಿಸಿದ ದಿನ ನಮ್ಮ ಮಾಲಕರು ಸೀಟಿ ಹೊಡಕೋಂತ ಅಡ್ಡಾಡ್ತಾರ.

ಮೊದಲ ವರ್ಷ ಕೊಯ್ಲಿನ ದಿನ ಅಪ್ಪಗ ವಿಡಿಯೋ ಕಾಲ್ ಮಾಡಿ ಗೊಂಚಲ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, ನೋಡಿ ಅಂದ: "ತಮ್ಮಾ, ನಮ್ಮ ಕಡೆ ಇದಕ್ಕ ಕಾಯಿ ಅಂತಾರ."

ಆದ್ರ ಆ ಕಾಯಿಯಂಥ ಹಣ್ಣಿನಾಗ ಒಂದು ಮಜಾ ಐತಿ. ಉರಿಬಿಸಿಲು, ಬೆಚ್ಚನ ರಾತ್ರಿ ಇದ್ದಲ್ಲಿ ಹಣ್ಣು ತನ್ನ ಹುಳಿ ತಾನ ಸುಟಗೋತೈತಿ. ಹಸಿ ಸೇಬಿನಾಗ ಇರತೈತಲ್ಲ, ಮ್ಯಾಲಿಕ್ ಹುಳಿ, ಅದ ಮೊದಲ ಹೋಗೂದು. ಇಲ್ಲಿ ಸಪ್ಟೆಂಬರ್ ರಾತ್ರಿ ಸ್ವೆಟರ್ ಬೇಕು. ಹುಳಿ ಹಂಗ ಉಳೀತೈತಿ, ಜೋಡಿ ಪರಿಮಳನೂ ಉಳೀತೈತಿ. ಎರಡೂ ಒಂದ ಥಂಡಿಯ ಮಕ್ಕಳು. ಹೂವಿನ ವಾಸನಿ ಬೇಕು, ಹುಳಿ ಬ್ಯಾಡ ಅಂದ್ರ ಈ ನೆಲದಾಗ ನಡಿಯೂದಿಲ್ಲ.

ನೀವು ಮೋಸ ಹೋದದ್ದು ಎಲ್ಲಿ ಅಂದ್ರ, ಘಮ್ ಅಂತು ಅಂದ ಕೂಡಲೇ ಸಿಹಿ ಇರತೈತಿ ಅಂತ ಬಾಯಿ ತಯಾರಾಗಿ ಕುಂತಿತ್ತು. ಸಕ್ಕರಿಗೆ ವಾಸನಿ ಎಲ್ಲೈತ್ರೀ? ಹಣ್ಣಿನಾಗ ಇದ್ದ ಸಕ್ಕರಿ ಅಷ್ಟೂ ಯೀಸ್ಟ್ ತಿಂದು 11% ಆಲ್ಕೋಹಾಲ್ ಮಾಡೇತಿ. ಉಳಿದದ್ದು ಘಮ, ಹುಳಿ, ನೀರು. ಅಂದಂಗ, ಬಿಸಿಲು ಕಡಿಮಿ ಆದ ವರ್ಷ ಹುದುಗಿಸೂ ಮೊದಲ ರಸಕ್ಕ ಸಕ್ಕರಿ ಚೀಲ ಸುರೂತಾರ, ಕಾನೂನಿನ ಮಿತಿಯೊಳಗ. ಸಿಹಿಗಲ್ಲ, ಆಲ್ಕೋಹಾಲ್ ಏರಾಕ. ದ್ರಾಕ್ಷಿ ರಸಕ್ಕ ಸಕ್ಕರಿ ಹಾಕೂದನ್ನ ಅಪ್ಪಗ ಇನ್ನೂ ಹೇಳಿಲ್ಲ. ಹೇಳಿದ್ರ ನನ್ನ ಊರಿಗೆ ಕರಸ್ತಾನ.

ನಾಕು ದ್ರಾಕ್ಷಿ ಯಾಕ? ಉಳಿದದ್ದೆಲ್ಲಾ ಸೇರಿಸಿದ್ದಲ್ಲ. ನಮ್ಮ ಅಜ್ಜ ಬಿಳಿಜೋಳದ ನಡುವ ಕುಸುಬಿ ಅಕ್ಕಡಿ ಹಾಕತಿದ್ದ. ಯಾಕ ಅಂದ್ರ, ಒಂದ ಕೈ ಕೊಟ್ರ ಇನ್ನೊಂದ ಕೈ ಹಿಡಿತೈತಿ ಅಂತಿದ್ದ. ಇಲ್ಲೂ ಅದ ಲೆಕ್ಕ.

ಬ್ಯಾಕಸ್ ಮನೀ ಯಜಮಾನ. 1933ರಾಗ ಜರ್ಮನಿಯಾಗ ಹುಟ್ಟಿಸಿದ ತಳಿ: ಸಿಲ್ವಾನರ್‌ಗೆ ರೀಸ್ಲಿಂಗ್ ಕೂಡಿಸಿ, ಆ ಕೂಸಿಗೆ ಮ್ಯುಲ್ಲರ್-ಥುರ್ಗಾವ್ ಕೂಡಿಸ್ಯಾರ. ತವರಿನಾಗ ಇದಕ್ಕ ಅಷ್ಟು ಮರ್ಯಾದಿ ಇಲ್ಲ, ಅಲ್ಲಿ ಬಲಿತಾಗ ಹುಳಿ ಇಳಿದು ಸಪ್ಪಗ ಆಗತೈತಿ. ಇಂಗ್ಲೆಂಡ್‌ನಾಗ ಬಂದ ಮ್ಯಾಲ ನಸೀಬು ತೆರೀತು. ಎಲ್ಡರ್ ಹೂವು, ಈಗ ಕೊಯ್ದ ಹುಲ್ಲು, ಚಕ್ಕೋತದ ಸಿಪ್ಪಿ, ಇವೆಲ್ಲಾ ಇದರ ವಾಸನಿ.

ಆರ್ಟೆಗಾ 1948ರದು, ಜರ್ಮನಿಯ ವುರ್ಜ್‌ಬರ್ಗ್‌ದ ಕೂಸು. ಸ್ಪೇನಿನ ತತ್ವಜ್ಞಾನಿ ಆರ್ಟೆಗಾ ಇ ಗ್ಯಾಸೆಟ್ ಅವರ ಹೆಸರು ಇಟ್ಟಾರ. ತತ್ವಜ್ಞಾನ ನನಗ ಗೊತ್ತಿಲ್ಲ, ಕಡಜ ಗೊತ್ತು. ಎಲ್ಲಾಕ್ಕಿಂತ ಮೊದಲ ಹಣ್ಣಾಗತೈತಿ, ಸಿಪ್ಪಿ ತೆಳು, ಸುತ್ತ ಮೂರು ಹರದಾರಿ ಕಡಜಕ್ಕೆಲ್ಲಾ ಸುದ್ದಿ ಮುಟ್ಟತೈತಿ. ಎರಡನೇ ವರ್ಷ ಗೊಂಚಲ ಹಿಂದ ಕೈ ಹಾಕಿದಾಗ ಮೂರು ಕಡಿದು, ಅಂಗೈ ಜೋಳದ ರೊಟ್ಟಿ ಉಬ್ಬಿದಂಗ ಉಬ್ಬಿತ್ತು. ವೈನಿಗೆ ಪೀಚ್ ಹಣ್ಣಿನ ಮೈ, ತುಸು ದಪ್ಪ ಕೊಡೂದು ಇದ.

ರೈಕನ್‌ಸ್ಟೈನರ್‌ಗೆ ಹೇಳ್ಕೊಳ್ಳುವಂಥ ವಾಸನಿ ಇಲ್ಲ. ಆದ್ರ ಕೈ ಬಿಡದ ಫಸಲು, ಸಕ್ಕರಿನೂ ಬೇಕಾದಷ್ಟು. ಪಲ್ಯೆ ಹೊಗಳ್ತೀವಿ, ರೊಟ್ಟಿ ಯಾರೂ ಹೊಗಳೂದಿಲ್ಲ. ರೊಟ್ಟಿ ಇಲ್ಲದ ಪಲ್ಯೆ ಎಷ್ಟು ತಿಂತೀರಿ?

ಶೋನ್‌ಬರ್ಗರ್ ಸಿಪ್ಪಿ ಗುಲಾಬಿ ಬಣ್ಣ, ರಸ ಬಿಳಿ. ಇದರ ಅಜ್ಜಿ ಮನಿತನದಾಗ ಮಸ್ಕಟ್ ದ್ರಾಕ್ಷಿ ಐತಿ, ಲಿಚಿ, ಪನ್ನೀರು ಎಲ್ಲಾ ಅಲ್ಲಿಂದ ಬಂದದ್ದು. ಸ್ವಲ್ಪ ಇದ್ರ ಚಂದ. ಹೆಚ್ಚಾದ್ರ ಮದುವಿ ಬಾಗಿಲಾಗ ಪನ್ನೀರದಾನಿ ಪೂರ್ತಿ ತಲಿಮ್ಯಾಲ ಸುರುವಿದಂಗ.

ಬೆರಕಿ ಯಾಕ ಬೇಕು ಅನ್ನೂದು ನನಗ ಪುಸ್ತಕದಾಗ ತಿಳದದ್ದಲ್ಲ. 2020ರ ಮೇ ನಡುವ, ಬಳ್ಳಿ ಮ್ಯಾಲ ಬೆರಳುದ್ದ ಚಿಗುರು. ರಾತ್ರಿ ಒಂದೂವರಿಗೆ ಫೋನ್ ಬಂತು, ಹಿಮ ಬೀಳತೈತಿ ಬಾ ಅಂತ. ಸಾಲಿನ ನಡುವ ಮೇಣ ತುಂಬಿದ ಡಬ್ಬಿ ಇಟ್ಟಿರ್ತೀವಿ, ಎಕರೆಗೆ ನೂರರ ಮ್ಯಾಲ. ಒಂದೊಂದಕ್ಕ ಬೆಂಕಿ ಹಚ್ಚಕೋಂತ ಓಡಿದ್ವಿ. ಥಂಡಿ ಗಾಳಿ ನೀರಿನಂಗ, ಇಳಿಜಾರಿಗೆ ಹರಿದು ತಗ್ಗಿನಾಗ ನಿಂದರತೈತಿ. ಮ್ಯಾಲಿನ ಸಾಲು ಉಳಿದ್ವು. ತಗ್ಗಿನ ಬ್ಯಾಕಸ್ ಸಾಲಿಗೆ ಮುಟ್ಟೂದ್ರಾಗ ಬೆಳಕು ಹರೀತು. ಮುಂಜಾನೆ ಚಿಗುರು ನೆಟ್ಟಗ ಇದ್ದಂಗ ಕಂಡ್ವು, ಖುಷಿ ಆತು. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದ್ರ ಎಲ್ಲಾ ಚಹಾಪುಡಿ ಬಣ್ಣ. ಅಪ್ಪನ ಪಡದಾಗ ಆಲಿಕಲ್ಲು ಬಿದ್ದ ದಿನ ನಮ್ಮವ್ವ ಒಲಿ ಹಚ್ಚಿರಲಿಲ್ಲ. ಇಲ್ಲಿ ಮಾಲಕರು ಎಲ್ಲಾರಿಗೂ ಚಹಾ ಮಾಡಿಕೊಟ್ಟು ಸುಮ್ಮನ ನಿಂತ್ರು. ಆ ವರ್ಷದ ಬೆರಕ್ಯಾಗ ಬ್ಯಾಕಸ್ ಕಡಿಮಿ, ರೈಕನ್‌ಸ್ಟೈನರ್ ಜಾಸ್ತಿ. ಬಾಟಲಿ ಮ್ಯಾಲ ಹೆಸರು ಅದ, ಒಳಗಿನ ಪಾಲು ಬ್ಯಾರೆ. ಒಂದ ತಳಿ ನಂಬಿದ್ರ ಆ ವರ್ಷ ಬಾಟಲಿನ ಇರತಿದ್ದಿಲ್ಲ.

ಕೊಯ್ದ ಮ್ಯಾಲ ಒಂದೊಂದ ತಳಿ ಒಂದೊಂದ ಸ್ಟೀಲ್ ಟ್ಯಾಂಕಿನಾಗ, 15 ಡಿಗ್ರಿ ಆಸುಪಾಸಿನಾಗ ಹುದುಗತೈತಿ. ಬೆಚ್ಚಗ ಬಿಟ್ರ ಘಮ ಎಲ್ಲಾ ಗ್ಯಾಸಿನ ಜೋಡಿ ಹಾರಿ ಹೋಗತೈತಿ. ಬೆರಸೂದು ಚಳಿಗಾಲದಾಗ, ಸಣ್ಣ ಸಣ್ಣ ಗ್ಲಾಸಿನಾಗ ಪಾಲು ಬದಲಿಸಿ ನೋಡಿ ನೋಡಿ.

ಕಡೀಕ, ಸಾಹೇಬ್ರಿಗೆ ಹೇಳ್ರಿ, ಅದು ನೆಲ್ಲಿಕಾಯಿ ಅಲ್ಲ. ಇಲ್ಲಿನ ಗೂಸ್‌ಬೆರಿ ಬ್ಯಾರೆ ಗಿಡ. ಮುಳ್ಳಿನ ಪೊದಿ, ಹಸಿರು ಕಾಯಿ, ಮ್ಯಾಲ ಗೆರಿ, ಸಣ್ಣ ಕೂದಲು. ಮತ್ತ ಅದನ್ನ ವೈನಿಗೆ ಹಾಕಿಲ್ಲ, ವಾಸನಿ ಹಂಗ ಐತಿ ಅಂತ ಬರದಾರ, ಅಷ್ಟ. ಎಲ್ಡರ್ ಹೂವು ಏನು ಅಂತ ತಿಳಿಬೇಕಂದ್ರ ಈಗ ಜೂನ್, ಭಾಳ ಛಲೋ ಹೊತ್ತು. ರೆಡಿಂಗ್‌ನಾಗ ಕೆನೆಟ್ ಹೊಳಿ ದಂಡಿಗುಂಟ ನಡೀರಿ, ಬೇಲ್ಯಾಗ ಬಿಳಿ ಛತ್ರಿಯಂಗ ಹೂ ಬಿಟ್ಟಿರತಾವು. ಮೂಸಿ ಬಂದು ಗ್ಲಾಸ್ ಮೂಸ್ರಿ.

ದೇವನಹಳ್ಳಿ_ಚಕ್ಕೋತ

ಪಡದ ಹುಡುಗರೇ, ಓದಿ ಖುಷಿಯಾಯಿತು. ನಾನು ಬೆಂಗಳೂರಿನಲ್ಲಿ ವೈನ್ ಮಾರಾಟದ ಕೆಲಸದಲ್ಲಿರುವವನು, ದ್ರಾಕ್ಷಿ ಬೆಳೆದವನಲ್ಲ. ಆದರೂ ಎರಡು ಮಾತು ಸೇರಿಸುತ್ತೇನೆ, ಒಂದು ಸಣ್ಣ ತಕರಾರೂ ಇದೆ.

"ಘಮ ಬೇರೆ, ಸಿಹಿ ಬೇರೆ" ಅನ್ನುವುದನ್ನು ನಮ್ಮವರಿಗೆ ಅರ್ಥ ಮಾಡಿಸಲು ಇಂಗ್ಲೆಂಡಿನ ತನಕ ಹೋಗಬೇಕಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿ ಸಾಕು. ನಮ್ಮೂರ ಸುತ್ತ ಬೆಳೆಯುವ ಆ ಕಪ್ಪು ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ತಳ್ಳುಗಾಡಿ ರಸ್ತೆಯ ಆ ತುದಿಯಲ್ಲಿದ್ದರೂ ವಾಸನೆ ಈ ತುದಿಗೆ ಬರುತ್ತದೆ, ಜಾಮ್ ಬಾಟಲಿ ತೆರೆದ ಹಾಗೆ. ಬಾಯಿಗೆ ಹಾಕಿದರೆ ಸಿಪ್ಪೆಯ ಪಕ್ಕದಲ್ಲಿ ಸಿಹಿ, ಬೀಜದ ಸುತ್ತ ಕಣ್ಣು ಮುಚ್ಚಿಸುವ ಹುಳಿ. ಪ್ರಶ್ನೆ ಕೇಳಿದವರ ಪಕ್ಕದ ಮನೆ ಆಂಟಿ ಮಾಡುತ್ತಿದ್ದ ಕ್ರಿಸ್‌ಮಸ್ ವೈನೂ ಬಹುತೇಕ ಇದೇ ದ್ರಾಕ್ಷಿಯದು. ಅದು ಸಿಹಿಯಾಗಿದ್ದದ್ದು ಆಂಟಿ ಧಾರಾಳವಾಗಿ ಸುರಿದ ಸಕ್ಕರೆಯಿಂದ.

ತಕರಾರು ಇದು: ಥಂಡಿ ಘಮವನ್ನು ಉಳಿಸುತ್ತದೆ, ನಿಜ. ಆದರೆ ಬ್ಯಾಕಸ್‌ನ ಘಮದ ದೊಡ್ಡ ಪಾಲು ಹಣ್ಣಿನಲ್ಲಿ ಬೀಗ ಹಾಕಿಕೊಂಡೇ ಇರುತ್ತದೆ. ತೋಟದಲ್ಲಿ ಹಣ್ಣು ತಿಂದರೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಥಯಾಲ್ ಎಂಬ ಗಂಧಕದ ಸಂಯುಕ್ತಗಳನ್ನು ಬಿಡಿಸುವುದು ಯೀಸ್ಟ್. ಸೀಬೆಹಣ್ಣು, ಚಕ್ಕೋತದ ವಾಸನೆಗೂ ಇಂಥವೇ ಕಾರಣ, ಸಾವಿನ್ಯೋಂ ಬ್ಲಾಂಕ್ ದ್ರಾಕ್ಷಿಯಲ್ಲೂ ಇವೇ ಕೆಲಸ ಮಾಡುತ್ತವೆ. ಶೋನ್‌ಬರ್ಗರ್ ದಾರಿ ಬೇರೆ. ಮಸ್ಕಟ್ ಬಳಗದ ಲಿನಲೂಲ್, ಜೆರಾನಿಯಾಲ್ ಎಂಬ ಹೂವಿನ ಘಮದ ಸಂಯುಕ್ತಗಳು ಸ್ವಲ್ಪ ಮಟ್ಟಿಗೆ ಹಣ್ಣಿನಲ್ಲೇ ಬಿಡಿಯಾಗಿರುತ್ತವೆ, ಹಾಗಾಗಿ ತೋಟದಲ್ಲೇ ಮೂಗಿಗೆ ಬಡಿಯುತ್ತವೆ. ಒಂದು ಗ್ಲಾಸಿನಲ್ಲಿ ಎರಡು ಬೇರೆ ಬೇರೆ ಪರಿಮಳದ ಅಂಗಡಿಗಳು. ಬೆರಕೆಯ ಸೊಗಸು ನನ್ನ ಪ್ರಕಾರ ಅದು, ಬರೀ ಬೆಳೆವಿಮೆ ಅಲ್ಲ.

ಇನ್ನೊಂದು, ಅಜ್ಜಿ "ಇಂಗ್ಲೆಂಡಿನದೇ" ಎಂದು ಎರಡು ಸಲ ಹೇಳಿದ್ದಕ್ಕೆ ಕಾರಣವಿರಬಹುದು. ಅಲ್ಲಿ "ಬ್ರಿಟಿಷ್ ವೈನ್" ಎಂದು ಮಾರುವ ಅಗ್ಗದ ಸರಕು ಹೊರದೇಶದಿಂದ ತರಿಸಿದ ಗಟ್ಟಿ ದ್ರಾಕ್ಷಿರಸಕ್ಕೆ ನೀರು ಬೆರೆಸಿ ಹುದುಗಿಸಿದ್ದು. "ಇಂಗ್ಲಿಷ್ ವೈನ್" ಅಂದರೆ ಅಲ್ಲೇ ಬೆಳೆದ ದ್ರಾಕ್ಷಿಯದು. ಸರ್ರೆಗೆ ಈ ಕಥೆಯಲ್ಲಿ ಒಳ್ಳೆಯ ಜಾಗವೂ ಇದೆ. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ರೇ ಬ್ಯಾರಿಂಗ್ಟನ್ ಬ್ರಾಕ್ ಎಂಬ ರಸಾಯನ ವಿಜ್ಞಾನಿ ಅಲ್ಲಿನ ಆಕ್ಸ್ಟೆಡ್‌ನಲ್ಲಿ ಸ್ವಂತ ದುಡ್ಡಿನಿಂದ ಹತ್ತಾರು ತಳಿ ನೆಟ್ಟು, ಇಂಗ್ಲೆಂಡಿನ ಹವೆಗೆ ಯಾವುದು ಹಣ್ಣಾಗುತ್ತದೆಂದು ಪರೀಕ್ಷಿಸಿದರು. 1950ರ ದಶಕದ ಆರಂಭದಲ್ಲಿ ನಿವೃತ್ತ ಸೇನಾಧಿಕಾರಿ ಗೈ ಸಾಲ್ಸ್‌ಬರಿ-ಜೋನ್ಸ್ ಹ್ಯಾಂಪ್‌ಶೈರಿನ ಹ್ಯಾಂಬಲ್ಡನ್‌ನಲ್ಲಿ ಮಾರಾಟಕ್ಕೆಂದೇ ತೋಟ ಹಾಕಿದರು. ಈಗ ಶಾಂಪೇನ್ ಥರದ ಬುರುಗು ವೈನಿಗೆ ಅಲ್ಲಿ ಎಲ್ಲಿಲ್ಲದ ಬೆಲೆ ಬಂದು ಹಳೆಯ ಜರ್ಮನ್ ತಳಿಗಳನ್ನು ಕಿತ್ತು ಶಾರ್ಡನೇ, ಪಿನೋ ನ್ವಾರ್ ನೆಡುತ್ತಿದ್ದಾರೆ. ಬ್ಯಾಕಸ್ ಉಳಿದುಕೊಂಡಿದೆ. ಶೋನ್‌ಬರ್ಗರ್ ಹಾಕಿದ ಬಾಟಲಿ ಸಿಕ್ಕಿದ್ದು ನಿಮ್ಮ ಅದೃಷ್ಟ.

ಪಡದ_ಹುಡುಗ

ಸರ್, ಬೀಗದ ಮಾತು ಖರೇ. ಬ್ಯಾಕಸ್ ಹಣ್ಣು ತೋಟದಾಗ ಎಷ್ಟು ತಿಂದ್ರೂ ಎಲ್ಡರ್ ಹೂ ಸಿಕ್ಕಿಲ್ಲ, ಟ್ಯಾಂಕಿನ ಬಾಯಾಗ ಸಿಕ್ಕೇತಿ. ಯಾಕ ಅಂತ ಇವತ್ತ ತಿಳೀತು. ಬೆಳಿವಿಮೆ ಅಂದದ್ದಕ್ಕ ಮಾತ್ರ ಒಪ್ಪೂದಿಲ್ಲ. ವಿಮೆ ದುಡ್ಡು ಬರಾಕ ಎರಡ ವರ್ಷ ಬೇಕು.

ಮೈಸೂರು_ಟು_ರೆಡಿಂಗ್

ಅಯ್ಯೋ, ಇಷ್ಟೆಲ್ಲ ಬರೆದಿದ್ದೀರ, ತುಂಬಾ ಥ್ಯಾಂಕ್ಸ್. ಪಡದ ಹುಡುಗ ಅಣ್ಣ, ಹಿಮದ ರಾತ್ರಿ ಓದಿ ನಮ್ಮವರೂ ಸುಮ್ಮನಾದ್ರು. ಡಬ್ಬಿ ತೆಗೆದು ನೋಡಿದೆ, ಕ್ರೀಮ್ ಆಫ್ ಟಾರ್ಟರ್ ಇತ್ತು, ನಾಲಿಗೆಗೆ ಇಟ್ಟೆ, ಅದೇ ಹುಳಿ!

ಈಗ ಅಡುಗೆ. ನಾವು ಸಸ್ಯಾಹಾರಿಗಳು. ಅಜ್ಜಿಗೆ ಖಾರ ಆಗಲ್ಲ. ಬಿಸಿಬೇಳೆಬಾತ್ ಮಾಡೋಣ ಅಂದ್ಕೊಂಡಿದ್ದೆ, ಅದು ನನ್ನ ಕೈಯಲ್ಲಿ ತಪ್ಪದೇ ಚೆನ್ನಾಗಿ ಬರೋ ಐಟಂ. ಇದರ ಜೊತೆ ನಡೆಯುತ್ತಾ?

ಕುಂದಾಪುರದ_ಅಕ್ಕ

ಬಿಸಿಬೇಳೆಬಾತ್ ಬೇಡ ಮಾರಾಯ್ತಿ. ಅದರಲ್ಲಿ ಹುಣಸೆಹುಳಿ, ಬ್ಯಾಡಗಿ ಮೆಣಸು, ಚಕ್ಕೆ, ಮರಾಠಿ ಮೊಗ್ಗು ಎಲ್ಲ ಸೇರಿ ಗಲಾಟೆ ಮಾಡುತ್ತವೆ, ಈ ವೈನು ಅಲ್ಲಿ ಬಾಯಿ ಬಿಡುವುದಿಲ್ಲ. ಖಾರ ಜಾಸ್ತಿಯಾದರೆ ಆಲ್ಕೋಹಾಲ್ ಇನ್ನೂ ಉರಿ ಹತ್ತಿಸುತ್ತದೆ. ನಾನು ಬ್ರಿಸ್ಟಲ್‌ನಲ್ಲಿ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಎಂಟು ವರ್ಷ ಇದ್ದೆ. ಬ್ಯಾಕಸ್ ಜೊತೆ ಅಲ್ಲಿ ನಾವು ಕಣ್ಣು ಮುಚ್ಚಿ ಕಳಿಸುತ್ತಿದ್ದದ್ದು ಆಸ್ಪ್ಯಾರಗಸ್ ಅನ್ನುವ ಹಸಿರು ಚಿಗುರಿನ ತರಕಾರಿ ಮತ್ತು ಆಡಿನ ಹಾಲಿನ ಚೀಸ್. ಹಸಿರು ವಾಸನೆಯ ವೈನಿಗೆ ಹಸಿರು ವಾಸನೆಯ ಊಟವೇ ಜೊತೆ.

ಹಾಗೆ ನೋಡಿದರೆ ನಮ್ಮಲ್ಲೇ ಬೇಕಾದಷ್ಟಿದೆ. ಹೆಸರುಬೇಳೆ ಕೋಸಂಬರಿ ಮಾಡು: ಸೌತೆಕಾಯಿ, ಕೊತ್ತಂಬರಿ ಸೊಪ್ಪು, ತೆಂಗಿನತುರಿ. ನಿಂಬೆರಸ ಅರ್ಧಕ್ಕೆ ಇಳಿಸು, ಹುಳಿ ಕೊಡುವುದು ವೈನಿನ ಕೆಲಸ. ಊಟದ ಹುಳಿ ವೈನಿಗಿಂತ ಮೇಲೆ ಹೋದರೆ ವೈನು ಸಪ್ಪೆ ಅನಿಸುತ್ತದೆ, ಅಷ್ಟು ನೆನಪಿಟ್ಟುಕೊಂಡರೆ ಸಾಕು. ಆಸ್ಪ್ಯಾರಗಸ್ ಕಾಲ ಇನ್ನೇನು ಮುಗಿಯಿತು, ಜೂನ್ ಇಪ್ಪತ್ತರ ಆಸುಪಾಸು ಕೀಳುವುದು ನಿಲ್ಲಿಸುತ್ತಾರೆ. ಒಂದು ಕಟ್ಟು ತಂದು ಹುರುಳಿಕಾಯಿ ಪಲ್ಯದ ಹಾಗೆ ಸಾಸಿವೆ, ಕರಿಬೇವು, ಕಾಯಿತುರಿ ಹಾಕಿ ಬಾಡಿಸು. ಬೆಂದು ಮುದ್ದೆಯಾಗಬಾರದು. ಜೊತೆಗೆ ನೀರುದೋಸೆ, ತೆಂಗಿನಹಾಲು ಹಾಕಿದ ತರಕಾರಿ ಸ್ಟೂ. ತೆಂಗಿನಹಾಲಿನ ಜಿಡ್ಡಿಗೆ ಈ ಹುಳಿ ಎಷ್ಟು ಚಂದ ಕೂಡುತ್ತದೆ ಅಂತ ಕುಡಿದ ಮೇಲೆ ನೀನೇ ಹೇಳುತ್ತಿ.

ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಹೊರಗಿಡು. ಕೊರೆಯುವ ಥಂಡಿಯಲ್ಲಿ ಘಮ ಏಳುವುದಿಲ್ಲ, ಬರೀ ಹುಳಿ ಸಿಗುತ್ತದೆ. ಭಾನುವಾರ ನಿನಗೆ ಆದದ್ದು ಅರ್ಧ ಅದೇ ಇರಬೇಕು.

ಮೈಸೂರು_ಟು_ರೆಡಿಂಗ್

ಶನಿವಾರದ ವರದಿ ಒಪ್ಪಿಸ್ತಿದ್ದೀನಿ.

ಬೆಳಗ್ಗೆ ಕೆನೆಟ್ ದಡದಲ್ಲಿ ನಡೆದು ಆ ಬಿಳಿ ಛತ್ರಿ ಹೂವು ಹುಡುಕಿದ್ವಿ. ಸಿಕ್ತು. ನಾಲ್ಕು ವರ್ಷದಿಂದ ಅದರ ಪಕ್ಕದಲ್ಲೇ ಆಫೀಸಿಗೆ ಹೋಗ್ತಿದ್ದೆ, ಒಂದು ದಿನ ಮೂಸಿರಲಿಲ್ಲ. ಒಂದು ಗೊಂಚಲು ಮನೆಗೆ ತಂದು ಲೋಟದಲ್ಲಿ ಇಟ್ಟೆ. ಅಜ್ಜಿ ಬಂದವರು ಮೊದಲು ನೋಡಿದ್ದೇ ಅದನ್ನ. ಅವರಮ್ಮ ಇದರಲ್ಲೇ ಮನೆಯಲ್ಲಿ ವೈನ್ ಮಾಡ್ತಿದ್ರಂತೆ, ದ್ರಾಕ್ಷಿಯೇ ಇಲ್ಲದೆ, ಬರೀ ಹೂವು, ನಿಂಬೆ, ಸಕ್ಕರೆ. ಒಂದು ಬಾಟಲಿ ರಾತ್ರೋರಾತ್ರಿ ಕಪಾಟಿನಲ್ಲೇ ಸಿಡಿದು ಅವರಪ್ಪನ ಕೋಟೆಲ್ಲ ಅಂಟು ಆಯ್ತು ಅಂತ ಹೇಳಿ ಅಜ್ಜಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ರು.

ನೀರುದೋಸೆ ಮೊದಲೆರಡು ಹರಿದುಹೋದವು, ಆಮೇಲೆ ಸರಿಯಾಯ್ತು. ಅಜ್ಜಿ ಫೋರ್ಕಲ್ಲಿ ಒಂದು ತಿಂದು, ನಮ್ಮವರ ಕೈ ನೋಡಿ, ಉಳಿದ ನಾಲ್ಕನ್ನ ಕೈಯಲ್ಲೇ ತಿಂದ್ರು. ಹದಿನೈದು ನಿಮಿಷ ಹೊರಗಿಟ್ಟ ವೈನು ಬೇರೇನೇ ಆಗಿತ್ತು. ಹುಳಿ ಇತ್ತು, ಆದ್ರೆ ಸ್ಟೂ ಜೊತೆ ಕುಡಿದಾಗ ಕಣ್ಣು ಮುಚ್ಚಲಿಲ್ಲ. ಹರಳು ಅಜ್ಜಿ ಗ್ಲಾಸಿಗೆ ಒಂದೆರಡು ಬಿದ್ದೇಬಿಟ್ಟವು. ನಾನು ಸಾರಿ ಕೇಳೋಕೆ ಮುಂಚೆ ನಮ್ಮವರು ಟಾರ್ಟಾರಿಕ್, ಪೊಟ್ಯಾಶಿಯಂ ಅಂತ ಪೂರ್ತಿ ಪಾಠ ಒಪ್ಪಿಸಿದ್ರು. ಚ್ಯವನಪ್ರಾಶ ಅಂದಿದ್ದ ಮನುಷ್ಯ ಇವರೇನಾ ಅಂತ ನೋಡ್ತಾ ಕೂತಿದ್ದೆ.

ಒಂದು ಕೊನೇ ಪ್ರಶ್ನೆ. ಭಾನುವಾರ ತೆರೆದ ಮೊದಲನೇ ಬಾಟಲಿ ಕಾಲುಭಾಗ ಉಳಿದಿದೆ, ಮುಚ್ಚಳ ತಿರುಗಿಸಿ ಫ್ರಿಜ್ಜಲ್ಲಿಟ್ಟಿದ್ದೀನಿ. ಆರು ದಿನ ಆಯ್ತು. ಕುಡಿಯಬಹುದಾ?

ಪಡದ_ಹುಡುಗ

ಮೂರ ದಿನ ಆದ್ರ ಹೂಂ ಅಂತಿದ್ದೆ. ಆರು ದಿನಕ್ಕ ಘಮ ಎಲ್ಲಾ ಹಾರಿರತೈತಿ. ಸೋಮಣ್ಣನ ಸಾರಿಗೆ ಹಾಕ್ರಿ.